ರಾತ್ರಿ ಶಾರ್ಕ್ ದಾಖಲೆಗಳು ಕುಸಿಯುತ್ತಿದ್ದರೆ
ಶಾರ್ಕ್‌ಗಳಿಗೆ ಹಾಕಿದ ಟ್ಯಾಗ್‌ಗಳ ಧ್ವನಿಸಂಕೇತಗಳನ್ನು ನೀರಿನಡಿ ಆಲಿಸಿ ದಾಖಲಿಸುವ ನಿಮ್ಮ ರಿಸೀವರ್‌ನಲ್ಲಿ ಕತ್ತಲಾದೊಡನೆ ಶಾರ್ಕ್ ದಾಖಲೆಗಳು ಇಳಿಯುವುದಕ್ಕೆ ಬಹುಶಃ ಚಟಪಟ ಸದ್ದು ಮಾಡುವ ಸಿಗಡಿಗಳೇ ಕಾರಣ. ಹವಳದ ದಿಬ್ಬಗಳಲ್ಲಿ ರಾತ್ರಿ ಅವುಗಳ ಗದ್ದಲ ಏರುತ್ತದೆ, 69 ಕಿಲೋಹರ್ಟ್ಸ್ ಟ್ಯಾಗ್‌ನ ಪಿಂಗ್ ಅದರಲ್ಲಿ ಮುಳುಗುತ್ತದೆ. ಟ್ಯಾಗ್ ತನ್ನ ಗುರುತುಸಂಖ್ಯೆಯನ್ನು ಪಿಂಗ್‌ಗಳ, ಅಂದರೆ ಚುಟುಕು ಸದ್ದುಗಳ, ಸರಣಿಯಾಗಿ ಕಳಿಸುತ್ತದೆ; ಸರಣಿಯಲ್ಲಿ ಒಂದು ಪಿಂಗ್ ತಪ್ಪಿದರೂ ಗುರುತುಸಂಖ್ಯೆ ದಾಖಲಾಗದು. ಹಾಗಾಗಿ ಶಾರ್ಕ್‌ಗಳು ಜಾಗ ಬಿಟ್ಟಿವೆ ಎಂದು ದಯವಿಟ್ಟು ಈಗಲೇ ವರದಿ ಬರೆಯಬೇಡಿ.

ಶಾರ್ಕ್‌ಗೆ ಹಾಕಿದಷ್ಟೇ ಶಕ್ತಿಯ, 10 ನಿಮಿಷಕ್ಕೊಮ್ಮೆ ಸಂಕೇತ ಕಳಿಸುವ ಎರಡು ಟ್ಯಾಗ್‌ಗಳನ್ನು ರಿಸೀವರ್‌ನಿಂದ 150 ಮತ್ತು 300 ಮೀಟರ್ ದೂರದಲ್ಲಿ ತೂಕ ಕಟ್ಟಿ ನಿಲ್ಲಿಸಿ. ಎರಡು ವಾರ ಬಿಡಿ, ಉಬ್ಬರವಿಳಿತದ ಏರುಪೇರೂ ಸೇರಲಿ. ಆಮೇಲೆ ಪ್ರತಿ ಟ್ಯಾಗ್‌ನಿಂದ ಗಂಟೆಗೆ ಬರಬೇಕಾದ ಆರು ಸಂಕೇತಗಳಲ್ಲಿ ಎಷ್ಟು ದಾಖಲಾಗಿವೆ ಎಂದು ಎಣಿಸಿ. ಕದಲದ ಟ್ಯಾಗ್‌ಗಳ ದಾಖಲೆಗಳೂ ರಾತ್ರಿ ಇಳಿದರೆ ಅದೇ ಅನುಪಾತದಲ್ಲಿ ಶಾರ್ಕ್ ಎಣಿಕೆ ಸರಿಪಡಿಸಿ. ಇಳಿಯದಿದ್ದರೆ ಶಾರ್ಕ್‌ಗಳು ನಿಜಕ್ಕೂ ಹೊರಹೋಗುತ್ತಿರಬಹುದು. ಅದನ್ನು ನೋಡಲು ಪಕ್ಕದ ಆಳನೀರಿಗೆ ಇನ್ನೊಂದು ರಿಸೀವರ್ ಇಳಿಸಿ.