‘ತೆಗೆದುಹಾಕಲಾಗುತ್ತದೆ’ ಎಂಬ ಒಂದು ವಾಕ್ಯದ ಬಗ್ಗೆ

ಮಾನ್ಯರೇ,

ಮೀಟರಿನ ಮಾಹಿತಿಯನ್ನು ಕರೆಂಟಿನ ತಂತಿಯಲ್ಲೇ ಕಳಿಸುವಾಗ ನಡುವೆ ಸಿಡಿಯುವ ಇಂಪಲ್ಸ್ ನಾಯ್ಸನ್ನು ತಗ್ಗಿಸುವ ಬಗೆಯನ್ನು ಕುರಿತ ನಿಮ್ಮ ಲೇಖನ ತಲುಪಿತು. ವಿಷಯ ನಿಮಗೆ ಚೆನ್ನಾಗಿ ಗೊತ್ತಿದೆ, ಬರವಣಿಗೆ ಶುದ್ಧವಾಗಿದೆ. ಆದರೆ ಮೂರನೆಯ ಪುಟದ ಒಂದು ವಾಕ್ಯ ನನ್ನನ್ನು ಎರಡು ದಿನ ಕಾಡಿದ್ದರಿಂದ, ಉಳಿದದ್ದನ್ನು ಬಿಟ್ಟು ಅದೊಂದನ್ನೇ ಕುರಿತು ಬರೆಯುತ್ತಿದ್ದೇನೆ.

‘ಬ್ಲ್ಯಾಂಕಿಂಗ್ ವಿಧಾನದಿಂದ ಶಬ್ದವನ್ನು ಸಂಪೂರ್ಣವಾಗಿ ತೆಗೆದುಹಾಕಲಾಗುತ್ತದೆ’ ಎಂದಿದ್ದೀರಿ. ಸಿಡಿತ ಬಿದ್ದ ಕಡೆ ಬಂದ ಅಳತೆಗಳನ್ನು ಸೊನ್ನೆ ಮಾಡಿಬಿಡುವುದೇ ಬ್ಲ್ಯಾಂಕಿಂಗ್.

ಮೊದಲಿಗೆ ‘ಶಬ್ದ’. ನಮ್ಮ ಓದುಗರಿಗೆ ಶಬ್ದವೆಂದರೆ ಕಿವಿಗೆ ಕೇಳಿಸುವಂಥದು, ಇಲ್ಲವೇ ನಿಘಂಟಿನಲ್ಲಿರುವಂಥದು. ತಂತಿಯಲ್ಲಿ ಕ್ಷಣಮಾತ್ರ ಜಿಗಿದು ಅಡಗುವ ವೋಲ್ಟೇಜು ಇವೆರಡೂ ಅಲ್ಲ. ‘ಗದ್ದಲ’ ಎನ್ನಿ, ಮೊದಲ ಸಲ ಬಂದಾಗ ಅರ್ಥ ಬಿಡಿಸಿ ಹೇಳಿ.

ಇನ್ನು ‘ಸಂಪೂರ್ಣವಾಗಿ’. ಕರೆಂಟಿನ ತಂತಿಯಲ್ಲಿ ಮಾಹಿತಿ ಕಳಿಸುವ ಜಿ3-ಪಿಎಲ್‌ಸಿ ಮಾನಕದ ಉದಾಹರಣೆಯನ್ನು ನೀವೇ ಕೊಟ್ಟಿದ್ದೀರಿ: ಯುರೋಪಿನ ಸೆನೆಲೆಕ್-ಎ ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಸುಮಾರು 36ರಿಂದ 91 ಕಿಲೋಹರ್ಟ್ಸ್‌ವರೆಗೆ 36 ಉಪವಾಹಕಗಳು (ಮಾಹಿತಿ ಹೊರುವ ಬೇರೆಬೇರೆ ಫ್ರೀಕ್ವೆನ್ಸಿಗಳು), ಸೆಕೆಂಡಿಗೆ 4 ಲಕ್ಷ ಸ್ಯಾಂಪಲ್‌ಗಳು (ಸಂಕೇತದ ಅಳತೆಗಳು), ಒಂದೊಂದು ಸಿಂಬಲ್ಲಿಗೆ, ಅಂದರೆ ಒಮ್ಮೆಗೆ ಕಳಿಸುವ ಮಾಹಿತಿಯ ತುಣುಕಿಗೆ, 256. ಅಂದಮೇಲೆ 50 ಮೈಕ್ರೋಸೆಕೆಂಡಿನ ಒಂದು ಸಿಡಿತ 20 ಸ್ಯಾಂಪಲ್‌ಗಳನ್ನು ಕೆಡಿಸುತ್ತದೆ. ಹಾಗೆಯೇ ಬಿಟ್ಟರೆ, ಅಳತೆಗಳನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಫೂರಿಯೇ ಲೆಕ್ಕದಲ್ಲಿ ಆ 20ರ ಕೊಳೆ 36 ಉಪವಾಹಕಗಳಿಗೂ ಹಬ್ಬುತ್ತದೆ. ಸೊನ್ನೆ ಮಾಡಿಬಿಟ್ಟರೆ ಗದ್ದಲದ ಜೊತೆಗೆ ಅಲ್ಲಿದ್ದ ಸಂಕೇತವೂ ಹೋಗಿ, ಒಂದು ಉಪವಾಹಕದ್ದು ಇನ್ನೊಂದಕ್ಕೆ ಸೋರುತ್ತದೆ. ಯಾವ ಎತ್ತರ ಮೀರಿದ್ದನ್ನು ಸೊನ್ನೆ ಮಾಡಬೇಕೆಂಬ ಗೆರೆಯನ್ನು ಕೆಳಗೆ ಎಳೆದರೆ ಹಲವು ಉಪವಾಹಕಗಳನ್ನು ಒಟ್ಟುಗೂಡಿಸಿದ ಈ ಒಎಫ್‌ಡಿಎಂ ಸಂಕೇತದ ಸ್ವಂತ ಶಿಖರಗಳೇ ಕತ್ತರಿಗೆ ಸಿಗುತ್ತವೆ, ಮೇಲೆ ಎಳೆದರೆ ಗದ್ದಲ ನುಸುಳುತ್ತದೆ. ಹೀಗೆ ಉಳಿದ ಹಾನಿಯನ್ನು ತುಂಬಿಕೊಡಲೆಂದೇ ಬಿಟ್‌ಗಳನ್ನು ಚದುರಿಸಿ ಕಳಿಸುವ ಇಂಟರ್‌ಲೀವಿಂಗ್, ತಪ್ಪು ತಿದ್ದುವ ರೀಡ್-ಸಾಲೊಮನ್ ಕೋಡ್‌ಗಳು ಇರುವುದು. ಈ ಇಕ್ಕಟ್ಟೇ ನಿಮ್ಮ ಲೇಖನದ ಜೀವ, ಅದನ್ನು ಒಂದೇ ಪದದಿಂದ ಮುಚ್ಚಿಬಿಟ್ಟಿದ್ದೀರಿ.

ಕೊನೆಯದು ‘ತೆಗೆದುಹಾಕಲಾಗುತ್ತದೆ’. ಯಾರು ತೆಗೆಯುತ್ತಾರೆ, ಏನನ್ನು ನೋಡಿ? ನಾನೂ ಕೆಲಸ ಕಲಿಯುವಾಗ ಪುಟದ ತುಂಬ ‘ಲಾಗುತ್ತದೆ’ಗಳನ್ನೇ ಬರೆಯುತ್ತಿದ್ದೆ. ರೇಡಿಯೋದ ಗರಗರ ಸದ್ದಿನ ಬಗ್ಗೆ ಬರೆದಿದ್ದ ಟಿಪ್ಪಣಿಯನ್ನು ಓದಿದ ನಮ್ಮ ಹಿರಿಯ ಉಪಸಂಪಾದಕರು ಏನೂ ಹೇಳದೆ, ಮೀಡಿಯಂ ವೇವ್‌ಗೆ ತಿರುಗಿಸಿದ ಟ್ರಾನ್ಸಿಸ್ಟರನ್ನು ಸ್ವಿಚ್‌ಬೋರ್ಡಿನ ಕೆಳಗಿಟ್ಟು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ನನ್ನ ಕೈಯಿಂದಲೇ ತಿರುಗಿಸಿದರು. ಫ್ಯಾನು ಪೂರ್ಣ ವೇಗದಲ್ಲಿದ್ದಾಗ ಹೆಚ್ಚುಕಡಿಮೆ ಸುಮ್ಮನಿದ್ದ ರೇಡಿಯೋ, ಗುಂಡಿ ನಡುಮಧ್ಯಕ್ಕೆ ಬರುತ್ತಿದ್ದಂತೆ ಜೋರಾಗಿ ಗರ್ರೆಂದಿತು. ಒಳಗಿನ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಪ್ರತಿ ಅರ್ಧ ಆವರ್ತನದಲ್ಲೂ ಸ್ವಲ್ಪ ಹೊತ್ತು ತಡೆದು ಥಟ್ಟನೆ ತೆರೆದುಕೊಳ್ಳುತ್ತದೆ. 50 ಹರ್ಟ್ಸ್‌ನ ನಮ್ಮ ಕರೆಂಟಿನಲ್ಲಿ ಇದು 10 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 100 ಸಲ. ಗುಂಡಿ ನಡುವಿನಲ್ಲಿದ್ದಾಗ ವೋಲ್ಟೇಜು ತುದಿಯ ಹತ್ತಿರ ಇರುವುದರಿಂದ ಜಿಗಿತವೂ ದೊಡ್ಡದು. ‘ಈಗ ಬರಿ’ ಎಂದಷ್ಟೇ ಹೇಳಿ ಅವರು ಹೊರಟುಹೋದರು. ಅಂದು ಸಂಜೆಯವರೆಗೆ ಕೂತು ಬರೆದ ಆ ಟಿಪ್ಪಣಿಯಲ್ಲಿ ಒಂದೇ ಒಂದು ‘ಲಾಗುತ್ತದೆ’ ಇರಲಿಲ್ಲ.

ಕರೆಂಟಿನ ತಾಳಕ್ಕೆ ಸರಿಯಾಗಿ ಮರಳುವ ಇಂಥ ಸಿಡಿತ ಮುಂದೆ ಯಾವಾಗ ಬಂದೀತೆಂದು ಸಂಕೇತ ಹಿಡಿಯುವ ರಿಸೀವರ್ ಊಹಿಸಬಹುದು. ಯಾರೋ ಸ್ವಿಚ್ ಒತ್ತಿದಾಗ ಹುಟ್ಟುವುದನ್ನು ಊಹಿಸಲಾಗದು. ಈ ವ್ಯತ್ಯಾಸ ನಿಮ್ಮ ಕೋಷ್ಟಕದಲ್ಲಿ ಇದೆ, ವಾಕ್ಯಗಳಲ್ಲಿ ಇಲ್ಲ.

ಮೂರನೆಯ ಪುಟವನ್ನಷ್ಟೇ ಮತ್ತೆ ಬರೆಯಿರಿ. ಆ 20 ಸ್ಯಾಂಪಲ್‌ಗಳಿಂದ ಆರಂಭಿಸಿ, ಗೆರೆಯನ್ನು ಎಲ್ಲಿ ಎಳೆಯುತ್ತೀರಿ, ಅದರಿಂದ ಏನು ಕಳೆದುಕೊಳ್ಳುತ್ತೀರಿ ಎಂಬುದನ್ನು ಹೇಳಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇನೆ.

ಸಂಪಾದಕ