ಅಳತೆ ಕೊಡುವಾಗ ನುಂಗಿಕೊಂಡ ಮಾತು

ಪ್ರಶ್ನೆ: ಮೇಡಂ, ನನ್ನ ಮಗ ಒಂಬತ್ತನೇ ಕ್ಲಾಸು. ಓದಿನಲ್ಲಿ ಚುರುಕು, ಮನೆಯಲ್ಲಿ ಹೇಳಿದ ಮಾತು ಕೇಳುತ್ತಾನೆ. ಅವನ ಕ್ಲಾಸಿನ ಒಬ್ಬ ಹುಡುಗನಿಗೆ ಉಗ್ಗು. ಜೂನ್‌ನಲ್ಲಿ ಹೊಸ ವಿಜ್ಞಾನದ ಮೇಷ್ಟ್ರು ಬಂದಾಗ ಎಲ್ಲರೂ ಎದ್ದು ಹೆಸರು ಹೇಳಬೇಕಾಗಿತ್ತಂತೆ. ಆ ಹುಡುಗ ತನ್ನ ಹೆಸರು ಹೇಳಲು ಒದ್ದಾಡಿದ್ದನ್ನು ನನ್ನ ಮಗ ಬ್ಯಾಗಿನಲ್ಲಿ ಕದ್ದೊಯ್ದಿದ್ದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬೈಕ್ ಕಿಕ್ ಹೊಡೆಯುವ ಸದ್ದು ಸೇರಿಸಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದಾನೆ. ಆವತ್ತಿನಿಂದ ಆ ಹುಡುಗನಿಗೆ ‘ಕಿಕ್ಕರ್’ ಅಂತಲೇ ಹೆಸರು. ಅವನು ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿನವರು ಸದ್ದಿಲ್ಲದೆ ಕಾಲಿನಲ್ಲೇ ಕಿಕ್ ಹೊಡೆಯುತ್ತಾರಂತೆ. ಆ ಆಡಿಯೋ ಮೊದಲ ಸಲ ಕೇಳಿದಾಗ, ಬರೆಯಲು ನಾಚಿಕೆಯಾಗುತ್ತದೆ, ನನಗೂ ನಗು ಬಂತು.

ಮೂರು ವಾರದಿಂದ ಆ ಹುಡುಗ ಶಾಲೆಗೆ ಹೋಗುತ್ತಿಲ್ಲ. ಅವನ ತಾಯಿ ನಮ್ಮ ಬೀದಿಯಲ್ಲೇ ಟೈಲರಿಂಗ್ ಮಾಡುತ್ತಾರೆ. ಮೊನ್ನೆ ರವಿಕೆಗೆ ಅಳತೆ ತೆಗೆದುಕೊಳ್ಳುವಾಗ, ‘ಯಾರ ಕಣ್ಣು ಬಿತ್ತೋ ಅಕ್ಕ, ಸ್ಕೂಲು ಅಂದ್ರೆ ನಡುಗ್ತಾನೆ. ತಾಯಿತ ಕಟ್ಟಿಸಿದೆ, ಏನೂ ಆಗಲಿಲ್ಲ’ ಎಂದು ಕಣ್ಣೊರೆಸಿಕೊಂಡರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನಮ್ಮ ಯಜಮಾನರು, ‘ಗಂಡು ಹುಡುಗರು ಅಂದ್ರೆ ಇದೆಲ್ಲ ಇದ್ದದ್ದೇ. ನೀನು ಹೋಗಿ ಹೇಳಿದರೆ ಪೊಲೀಸ್ ಕೇಸಾಗುತ್ತೆ, ಅವನ ಭವಿಷ್ಯ ಹಾಳಾಗುತ್ತೆ’ ಎನ್ನುತ್ತಾರೆ. ನಾನು ಹೇಳಬೇಕೋ, ಸುಮ್ಮನಿರಬೇಕೋ?

ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಪ್ರಿಯ ತಂಗಿ,

ನಗು ಬಂದ ವಿಷಯವನ್ನು ನೀವು ಬರೆಯದೆ ಬಿಡಬಹುದಿತ್ತು. ಬಿಟ್ಟಿದ್ದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಬರೆದಿದ್ದೀರಿ. ಆ ಧೈರ್ಯವನ್ನು ನಂಬಿಕೊಂಡೇ ನಾನೂ ಸುತ್ತಿ ಬಳಸದೆ ಹೇಳುತ್ತೇನೆ: ಹೋಗಿ, ಆ ತಾಯಿಗೆ ಹೇಳಿ. ಈ ವಾರವೇ ಹೇಳಿ.

ಇವತ್ತಿನ ಪರಿಸ್ಥಿತಿ ನೋಡಿ. ಆ ಹುಡುಗ ಶಾಲೆ ಅಂದರೆ ಯಾಕೆ ನಡುಗುತ್ತಾನೆ ಅನ್ನುವುದು ಇಡೀ ಕ್ಲಾಸಿಗೆ ಗೊತ್ತು. ಆ ಮಕ್ಕಳ ಮನೆಗಳಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ನಿಮಗೆ ಗೊತ್ತು, ನಿಮ್ಮ ಯಜಮಾನರಿಗೆ ಗೊತ್ತು. ಹೆತ್ತವಳಿಗೆ ಮಾತ್ರ ಗೊತ್ತಿಲ್ಲ. ಆಕೆ ದೃಷ್ಟಿ ತೆಗೆಯುತ್ತಿದ್ದಾರೆ, ತಾಯಿತ ಕಟ್ಟಿಸುತ್ತಿದ್ದಾರೆ. ಇನ್ನು ಹದಿನೈದು ದಿನ ಹೋದರೆ ‘ಸೋಮಾರಿ ಬಿದ್ದಿದ್ದೀಯ’ ಎಂದು ನಾಲ್ಕು ಏಟು ಹಾಕಿ ಎಳೆದುಕೊಂಡು ಹೋಗಿ ಅದೇ ಬೆಂಚಿನ ಮೇಲೆ ಕೂರಿಸಲೂಬಹುದು. ನೀವು ಬಾಯಿ ಬಿಡದೆ ಕಳೆಯುವ ಒಂದೊಂದು ದಿನವೂ ಆ ಮಗುವಿನ ಲೆಕ್ಕಕ್ಕೆ ಬೀಳುತ್ತಿದೆ.

ಆ ಆಡಿಯೋದಲ್ಲಿ ಇರುವುದೇನು ಎಂದು ಸ್ವಲ್ಪ ಯೋಚಿಸಿ. ಉಗ್ಗು ಇರುವವರು ಜೀವನವಿಡೀ ಒಂದು ಉಪಾಯ ಮಾಡುತ್ತಿರುತ್ತಾರೆ. ಒಂದು ಪದ ಸಿಕ್ಕಿಕೊಳ್ಳುತ್ತದೆ ಅನ್ನಿಸಿದರೆ ತಟ್ಟನೆ ಇನ್ನೊಂದು ಪದ ಹಿಡಿಯುತ್ತಾರೆ. ‘ನೀರು’ ಹೊರಡದಿದ್ದರೆ ‘ಕುಡಿಯೋಕೆ ಕೊಡಿ’ ಅನ್ನುತ್ತಾರೆ. ಆದರೆ ಹೆಸರಿಗೆ ಬದಲಿ ಪದವಿಲ್ಲ. ಅದಕ್ಕೇ ಅವರಲ್ಲಿ ಅನೇಕರಿಗೆ ತಮ್ಮ ಹೆಸರು ಹೇಳುವುದೇ ಎಲ್ಲಕ್ಕಿಂತ ಕಷ್ಟ. ನಿಮ್ಮ ಮಗ ರೆಕಾರ್ಡ್ ಮಾಡಿದ್ದು ಆ ಹುಡುಗನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದ ಗಳಿಗೆಯನ್ನು. ಆಮೇಲೆ ಅಷ್ಟು ಕಷ್ಟಪಟ್ಟು ಹೇಳಿದ ಹೆಸರನ್ನೂ ಕಿತ್ತುಕೊಂಡು ‘ಕಿಕ್ಕರ್’ ಎಂದು ಇಟ್ಟರು.

‘ಗಂಡು ಹುಡುಗರು ಅಂದ್ರೆ ಇದೆಲ್ಲ ಇದ್ದದ್ದೇ’ ಎಂಬ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೇಳಿದ್ದೇನೆ. ಗೆಳೆಯರು ಕಾಲೆಳೆಯುವುದಕ್ಕೂ ಒಬ್ಬನನ್ನು ಗೋಳು ಹೊಯ್ದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ನಾರ್ವೆ, ಸ್ವೀಡನ್‌ಗಳ ಶಾಲೆಗಳಲ್ಲಿ ಹಲವು ವರ್ಷ ಅಧ್ಯಯನ ಮಾಡಿ ಮೂರು ಗುರುತು ಹೇಳಿದರು: ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತಿರುಗಿ ನಿಲ್ಲಲಾರದವನಿಗೆ ಮಾಡುವುದು. ಈ ಮೂರನೆಯದನ್ನು ಗಮನಿಸಿ. ಗೆಳೆಯರ ತಮಾಷೆಯಲ್ಲಿ ಇವತ್ತು ಅವನು ನಿನ್ನನ್ನು ಆಡಿಕೊಂಡರೆ ನಾಳೆ ನೀನು ಅವನನ್ನು ಆಡಿಕೊಳ್ಳುತ್ತೀಯ. ಮಾತೇ ಹೊರಡದ ಹುಡುಗ ಏನೆಂದು ತಿರುಗಿ ಆಡಿಕೊಳ್ಳಬೇಕು? 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಾಟವೇ ಅದಕ್ಕೆ ಕಾರಣವೆಂದು ಕಂಡಾಗ ಇಡೀ ದೇಶ ತಲ್ಲಣಿಸಿತು. ಮರುವರ್ಷವೇ ಅಲ್ಲಿನ ಸರ್ಕಾರ ದೇಶದ ಎಲ್ಲ ಶಾಲೆಗಳಲ್ಲಿ ಇದರ ವಿರುದ್ಧ ಅಭಿಯಾನ ಶುರು ಮಾಡಿತು. ‘ಇದ್ದದ್ದೇ’ ಎಂದು ಕೈಬಿಟ್ಟ ವಿಷಯಕ್ಕೆ ಅವರು ತೆತ್ತ ಬೆಲೆ ಅದು.

ಶಾಲೆ ಬಿಟ್ಟರೆ ಮರೆತುಹೋಗುತ್ತದೆ ಎಂದು ನಿಮ್ಮ ಯಜಮಾನರು ಅಂದುಕೊಂಡಿರಬಹುದು. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ಐವತ್ತು ವರ್ಷ ತುಂಬುವವರೆಗೂ ಹಿಂಬಾಲಿಸಿದ್ದಾರೆ. ಏಳು ಮತ್ತು ಹನ್ನೊಂದನೇ ವಯಸ್ಸಿನಲ್ಲಿ ನಿಮ್ಮ ಮಗುವಿಗೆ ಬೇರೆ ಮಕ್ಕಳು ಕಾಟ ಕೊಡುತ್ತಾರಾ ಎಂದು ತಾಯ್ತಂದೆಯರನ್ನು ಕೇಳಿ ಬರೆದುಕೊಂಡಿದ್ದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪದೇ ಪದೇ ಕಾಟ ಅನುಭವಿಸಿದ್ದ ಮಕ್ಕಳಲ್ಲಿ ಐವತ್ತರ ವಯಸ್ಸಿನಲ್ಲೂ ಖಿನ್ನತೆ, ಆತಂಕ ಹೆಚ್ಚು. ಆಪ್ತರು ಎಂದು ಹೇಳಿಕೊಳ್ಳುವವರು ಕಡಿಮೆ. ಸಂಪಾದನೆಯಲ್ಲೂ ಹಿಂದೆ. ಓದುವಾಗ ನನಗೆ ತಡೆದುಕೊಳ್ಳಲಾಗಲಿಲ್ಲ. ಹಾಗೆಂದು ಪ್ರತಿ ಮಗುವಿನ ಹಣೆಬರಹವೂ ಹಾಗೇ ಆಗಬೇಕೆಂದಿಲ್ಲ. ಸಕಾಲದಲ್ಲಿ ಒಬ್ಬ ದೊಡ್ಡವರು ಪಕ್ಕದಲ್ಲಿ ನಿಂತರೆ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ.

ಈಗ ಆ ನಗುವಿನ ವಿಷಯ. ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು ಶಾಲೆಯ ಆಟದ ಮೈದಾನದಲ್ಲಿ ಮಕ್ಕಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಗಮನಿಸಿದರು. ಕಾಟ ಕೊಡುವ ಪ್ರಸಂಗಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಸಲ ಸುತ್ತ ಬೇರೆ ಮಕ್ಕಳು ಇದ್ದರು. ಅವರಲ್ಲಿ ಒಬ್ಬರು ಬಾಯಿ ಹಾಕಿ ‘ಬಿಡೋ’ ಅಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತುಹೋಯಿತು. ನಿಮ್ಮ ಮಗನ ಕ್ಲಾಸಿನಲ್ಲಿ ಆ ಒಬ್ಬರು ಏಳಲಿಲ್ಲ. ಗ್ರೂಪಿನಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಗುವ ಮುಖಗಳು ಸಾಲು ಸಾಲಾಗಿ ಬಿದ್ದಿರುತ್ತವೆ. ಆ ನಗುವಿನ ಆಸೆಗೇ ಹುಡುಗರು ಇದನ್ನೆಲ್ಲ ಮಾಡುವುದು. ನೀವು ಮನೆಯಲ್ಲಿ ನಕ್ಕದ್ದು ಅವನ ಎದುರಿಗೋ ಒಬ್ಬರೇ ಇದ್ದಾಗಲೋ ಬರೆದಿಲ್ಲ. ಎದುರಿಗೇ ನಕ್ಕಿದ್ದರೆ, ‘ನಾನು ನಕ್ಕಿದ್ದು ತಪ್ಪು’ ಎಂಬ ಮಾತಿನಿಂದಲೇ ಮಗನ ಜೊತೆ ಮಾತು ಶುರು ಮಾಡಿ. ಅಮ್ಮ ತನ್ನ ತಪ್ಪು ಒಪ್ಪಿಕೊಳ್ಳುವುದನ್ನು ನೋಡಿದರೆ ಅವನಿಗೂ ಬಾಯಿ ಬರುತ್ತದೆ.

ಇದನ್ನು ಹೇಳುವ ನನ್ನ ಕೈಯೂ ಪೂರ್ತಿ ಶುದ್ಧವಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. ಪದ್ಯವನ್ನು ಸಾಲಾಗಿ ಗಟ್ಟಿಯಾಗಿ ಓದಿಸುವಾಗ ಉಗ್ಗುವ ಒಬ್ಬ ಹುಡುಗನ ಸರದಿ ಬಂದರೆ ಅವನನ್ನು ಬಿಟ್ಟು ಪಕ್ಕದವನಿಗೆ ‘ನೀನು ಓದಪ್ಪ’ ಅನ್ನುತ್ತಿದ್ದೆ. ಅವನಿಗೆ ಮುಜುಗರ ಆಗಬಾರದೆಂದು. ಎಷ್ಟೋ ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಸಿಕ್ಕಿ, ಕಾಲಿಗೆ ನಮಸ್ಕಾರ ಮಾಡಿ ಹೇಳಿದ: ‘ಮಿಸ್, ರಾತ್ರಿಯೆಲ್ಲ ಬಾಯಿಪಾಠ ಮಾಡ್ಕೊಂಡು ಬರ್ತಿದ್ದೆ. ನೀವು ಒಂದು ಸಲಾನೂ ಕೇಳಲಿಲ್ಲ.’ ಅಷ್ಟು ಹೇಳಲು ಅವನಿಗೆ ಸುಮಾರು ಹೊತ್ತು ಹಿಡಿಯಿತು. ಊಟದ ಪಂಕ್ತಿ ಎಬ್ಬಿಸಿದರೂ ನಾನು ಅಲ್ಲೇ ನಿಂತಿದ್ದೆ. ಕೆಟ್ಟ ಮನಸ್ಸಿಲ್ಲದ ದೊಡ್ಡವರೂ ಒಂದು ಮಗುವಿನ ಬಾಯಿ ಕಟ್ಟಬಲ್ಲೆವು ಎಂದು ಆವತ್ತು ಗೊತ್ತಾಯಿತು.

ನಿಮ್ಮ ಮಗನನ್ನು ನಾನು ಕೆಟ್ಟವನೆಂದು ತೀರ್ಮಾನಿಸಿಲ್ಲ, ನೀವೂ ತೀರ್ಮಾನಿಸಬೇಡಿ. ಬೆಲ್ಟು, ಬರೆ, ಉಪವಾಸ ಯಾವುದೂ ಬೇಡ. ಬಲಶಾಲಿ ಬಲಹೀನನಿಗೆ ಏನು ಬೇಕಾದರೂ ಮಾಡಬಹುದು ಎಂಬ ಪಾಠವನ್ನೇ ಅಪ್ಪ ಹೊಡೆದು ಮತ್ತೊಮ್ಮೆ ಕಲಿಸಿದಂತಾಗುತ್ತದೆ. ಅವನನ್ನೂ ಯಾರಾದರೂ ಎಲ್ಲಾದರೂ ಹೀಗೇ ಹೀಯಾಳಿಸುತ್ತಿದ್ದಾರಾ ಎಂದು ಸಮಾಧಾನದಿಂದ ಕೇಳಿ. ತಾನೂ ಕಾಟ ತಿಂದು ಬೇರೆಯವರಿಗೂ ಕಾಟ ಕೊಡುವ ಮಕ್ಕಳೇ ಮುಂದೆ ಎಲ್ಲರಿಗಿಂತ ಹೆಚ್ಚು ಬಳಲುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಆದರೆ ಕಾರಣ ಸಿಕ್ಕಿತೆಂದು ಹೊಣೆ ಕರಗುವುದಿಲ್ಲ. ತಪ್ಪು ಎಲ್ಲಿ ಮಾಡಿದನೋ ಅಲ್ಲೇ ತಿದ್ದಬೇಕು. ಅದೇ ಗ್ರೂಪಿನಲ್ಲಿ, ತನ್ನದೇ ಮಾತಿನಲ್ಲಿ, ‘ಇದು ನಾನು ಮಾಡಿದ್ದು, ತಪ್ಪು ಮಾಡಿದೆ, ಎಲ್ಲರೂ ಡಿಲೀಟ್ ಮಾಡಿ, ಇನ್ನು ಆ ಹೆಸರಿನಿಂದ ಕರೆಯಬೇಡಿ’ ಎಂದು ಬರೆಯಲಿ. ನೀವು ಹೇಳಿಕೊಟ್ಟು ಬರೆಸಬೇಡಿ, ಪಕ್ಕದಲ್ಲಿ ಕೂತಿರಿ. ಆಮೇಲೆ ಯಾರಾದರೂ ಕಾಲು ಅಲ್ಲಾಡಿಸಿದರೆ ‘ಬಿಡೋ’ ಅನ್ನುವ ಮೊದಲ ಹುಡುಗ ಅವನೇ ಆಗಬೇಕು. ಶುರು ಮಾಡಿದವನೇ ಅಂದರೆ ಉಳಿದವರು ಬೇಗ ನಿಲ್ಲಿಸುತ್ತಾರೆ.

ಕೇಸಿನ ಭಯಕ್ಕೆ ಒಂದು ಮಾತು. 18 ತುಂಬದ ಮಕ್ಕಳಿಗೆ 2015ರ ಬಾಲ ನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಮಗುವನ್ನು ತಿದ್ದಿ, ಹೊಸದಾಗಿ ಬದುಕು ಶುರು ಮಾಡಲು ಬಿಡಬೇಕು ಎಂಬುದೇ ಅದರ ತಳಹದಿ. ತಾಯಿಯೇ ಬಾಗಿಲಿಗೆ ಬಂದು ತಪ್ಪೊಪ್ಪಿಕೊಂಡರೆ ಠಾಣೆಗೆ ಓಡುವವರು ಕಡಿಮೆ. ಓಡಿದರೂ ಅದು ಆಕೆಯ ಹಕ್ಕು, ಅದನ್ನು ತಡೆಯಲು ನೀವು ಮೌನ ಹಿಡಿಯುವುದು ನ್ಯಾಯವಲ್ಲ. ಭವಿಷ್ಯ ಹಾಳಾಗುತ್ತದೆ ಎನ್ನುವ ಅಪ್ಪನಿಗೆ ಇದನ್ನೂ ಹೇಳಿ: 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ಮೆಡಿಕಲ್ ಕಾಲೇಜೊಂದರಲ್ಲಿ 19 ವರ್ಷದ ಹುಡುಗ ರ‍್ಯಾಗಿಂಗ್‌ಗೆ ಬಲಿಯಾದ. ಹೊಡೆದ ನಾಲ್ವರು ಸೀನಿಯರ್‌ಗಳಿಗೆ ಮರುವರ್ಷ ನಾಲ್ಕು ವರ್ಷ ಜೈಲಾಯಿತು. ನಾಲ್ವರೂ ಡಾಕ್ಟರಾಗಲು ಬಂದವರು. ಯುಜಿಸಿ ರ‍್ಯಾಗಿಂಗ್ ತಡೆ ನಿಯಮ ತಂದದ್ದು ಆ ಹುಡುಗ ಸತ್ತ 2009ರಲ್ಲೇ. ನಿಮ್ಮ ಮಗ ಅಂಥವನಾಗುತ್ತಾನೆ ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷದಲ್ಲಿ ಪಿಯುಸಿಗೆ ಹಾಸ್ಟೆಲ್ ಸೇರುವ ಹುಡುಗನಿಗೆ ‘ಬಿಡು, ಯಾರಿಗೂ ಗೊತ್ತಾಗಲ್ಲ’ ಎಂಬ ಪಾಠ ಕಲಿಸಿ ಕಳಿಸುವುದು ಬೇಡ. ಹಾಸ್ಟೆಲುಗಳಲ್ಲಿ, ಕಚೇರಿಗಳಲ್ಲಿ, ಸಂಸಾರಗಳಲ್ಲಿ ಒಬ್ಬರನ್ನು ಇನ್ನೊಬ್ಬರು ಅರೆಯುವುದನ್ನು ಸುತ್ತಲಿನವರು ನೋಡಿಯೂ ಸುಮ್ಮನಿರುತ್ತಾರಲ್ಲ, ಆ ಅಭ್ಯಾಸ ಇಂಥ ಒಂಬತ್ತನೇ ಕ್ಲಾಸುಗಳಲ್ಲೇ ಆಗುವುದು.

ಮುಖ್ಯೋಪಾಧ್ಯಾಯರನ್ನು ನೀವೇ ಹೋಗಿ ಕಾಣಿ. ಆ ಹುಡುಗನಿಗೆ ಟಿಸಿ ಕೊಟ್ಟು ‘ಸಮಸ್ಯೆ ಬಗೆಹರಿಯಿತು’ ಅನ್ನುವ ಶಾಲೆಗಳಿವೆ, ಅದಕ್ಕೆ ಒಪ್ಪಬೇಡಿ. ಬೆಂಚಿನ ಜಾಗ ಬದಲಾಗಬೇಕಾದರೆ ನಿಮ್ಮ ಮಗನದು ಬದಲಾಗಲಿ.

ಇನ್ನು ಆ ಮನೆಗೆ ಹೋಗುವುದು. ಮೊದಲ ಸಲ ಮಗನನ್ನು ಕರೆದೊಯ್ಯಬೇಡಿ. ‘ಕೈ ಕುಲುಕಿ, ಫ್ರೆಂಡ್ಸ್ ಆಗಿಬಿಡಿ’ ಎಂದು ಎದುರುಬದುರು ನಿಲ್ಲಿಸಿದರೆ ನೊಂದ ಹುಡುಗ ಎಲ್ಲರ ಮುಲಾಜಿಗೆ ತಲೆಯಾಡಿಸಿ ಒಳಗೊಳಗೇ ಇನ್ನಷ್ಟು ಕುಗ್ಗುತ್ತಾನೆ. ನಿಮ್ಮ ಮಗನನ್ನು ನೋಡಬೇಕೋ ಬೇಡವೋ ಎನ್ನುವುದನ್ನು ಅವನೇ ಹೇಳಲಿ. ಬೇಡ ಎಂದರೆ ಬೇಡ. ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಹೋಗಿ. ಕೊಟ್ಟ ರವಿಕೆ ತರುವ ನೆಪ ಬೇಡ, ಈ ಮಾತಿಗೆಂದೇ ಹೋಗಿ. ‘ನಿಮ್ಮ ಮಗನಿಗೆ ಕಣ್ಣು ಬಿದ್ದಿಲ್ಲಮ್ಮ, ನನ್ನ ಮಗ ಹೀಗೆ ಮಾಡಿದ, ಗೊತ್ತಿದ್ದೂ ನಾನು ಆವತ್ತು ಸುಮ್ಮನಿದ್ದೆ’ ಎಂದು ಮೂರೂ ಹೇಳಿ. ‘ಮಕ್ಕಳು ಅಲ್ವಾ’ ಎಂದು ಸೇರಿಸಬೇಡಿ. ಆಕೆ ಬೈದರೆ ಬೈಸಿಕೊಳ್ಳಿ, ಬಾಗಿಲು ಹಾಕಿಕೊಂಡರೆ ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ.

ಅವರು ಕೂರಿಸಿ ಮಾತಾಡಿಸಿದರೆ ಎರಡು ವಿಷಯ ತಿಳಿಸಿ. ಉಗ್ಗು ಬುದ್ಧಿ ಕಡಿಮೆ ಎಂಬುದರ ಗುರುತಲ್ಲ, ಹೆದರಿಕೆಯಿಂದ ಹುಟ್ಟುವುದೂ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಮಂಡ್ಯದಿಂದ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ಆಕೆ ಒಪ್ಪಿದರೆ ಜೊತೆಗೆ ನೀವೂ ಹೋಗಿ. ಇನ್ನೊಂದು: ಹುಡುಗ ಊಟ ಬಿಟ್ಟಿದ್ದಾನಾ, ನಿದ್ದೆ ಬಿಟ್ಟಿದ್ದಾನಾ, ‘ನಾನು ಇರಬಾರದು’ ಎಂಬಂಥ ಮಾತು ಆಡಿದ್ದಾನಾ ಎಂದು ಕೇಳಿ. ಆಡಿದ್ದರೆ ಒಂದು ದಿನವೂ ಕಾಯದೆ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು, ಅವನನ್ನು ಒಂಟಿಯಾಗಿ ಬಿಡಬಾರದು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಆ ನಂಬರನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡು ಹೋಗಿ, ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟು ಬನ್ನಿ.

ನೀವಿರುವಾಗಲೇ ಹುಡುಗ ಒಳಗಿನಿಂದ ಬಂದು ಏನಾದರೂ ಹೇಳಲು ಹೊರಟರೆ ಅವನ ಮುಖವನ್ನೇ ನೋಡುತ್ತಾ ಕಾಯಿರಿ. ಯಾವ ಪದ ಬರಲಿದೆ ಎಂದು ನಿಮಗೆ ಗೊತ್ತಾದರೂ ಅವನ ಪರವಾಗಿ ನೀವು ಹೇಳಬೇಡಿ. ಎಷ್ಟು ಹೊತ್ತಾದರೂ ಆಗಲಿ, ಅವನೇ ಮುಗಿಸಲಿ.