ಹೆಪಟೈಟಿಸ್ ಬಿ ಇದ್ದು ಎಸ್‌ಜಿಪಿಟಿ ನಾರ್ಮಲ್ ಇದ್ರೆ ಲಿವರ್ ಚೆನ್ನಾಗಿದೆ ಅಂತಾನಾ?

ನಮಸ್ಕಾರ ರೀ. ಆರು ವರ್ಷದಿಂದ ಹೆಪಟೈಟಿಸ್ ಬಿ ಪಾಸಿಟಿವ್, ಎಸ್‌ಜಿಪಿಟಿ ಅನ್ನೋ ಲಿವರ್ ರಕ್ತ ಪರೀಕ್ಷೆ ಪ್ರತಿ ಸಲ ನಾರ್ಮಲ್, ಸೂಜಿ ಚುಚ್ಚಿ ಲಿವರ್ ತುಣುಕು ತೆಗೆಯದೆ ಬರೀ ರಕ್ತದಲ್ಲೇ ಹಾನಿ ತಿಳಿಯುತ್ತಾ ಅಂತ ಕೇಳಿದ್ದೀರಿ. ಬಹಳಷ್ಟು ತಿಳಿಯುತ್ತೆ. ಆದರೆ ಎಸ್‌ಜಿಪಿಟಿ ಒಂದನ್ನೇ ನಂಬಿ ಕೂರಬೇಡಿ.

ನಾನು ವಿಜಯಪುರದಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮ ಅಣ್ಣನಿಗೂ ಇದೇ ಕಾಯಿಲೆ. ಇಂಡಿ ಹತ್ತಿರ ಅವನದು ನಿಂಬೆ ತೋಟ, ರಕ್ತದಾನ ಮಾಡೋಕೆ ಹೋದಾಗ ಗೊತ್ತಾಗಿದ್ದು. ನಾಲ್ಕು ವರ್ಷ ಅವನ ರಕ್ತ ತೆಗೆದವನೂ ನಾನೇ, ರಿಪೋರ್ಟ್ ಪ್ರಿಂಟ್ ಹಾಕಿದವನೂ ನಾನೇ. ಎಸ್‌ಜಿಪಿಟಿ ಪ್ರತಿ ಸಲ 38ರ ಆಸುಪಾಸು. ಚಿಂತೆ ಬೇಡ ಅಂತ ವೈನಿಗೆ ಫೋನ್ ಮಾಡ್ತಿದ್ದೆ. ಒಂದಿನ ಊರಿಗೆ ಹೋದಾಗ, ವೈನಿ ಸೀರೆ ಅಂಗಡಿ ಕವರ್‌ನಲ್ಲಿ ಜೋಪಾನವಾಗಿ ಇಟ್ಟಿದ್ದ ಹಳೆ ರಿಪೋರ್ಟೆಲ್ಲ ತೆಗೆದು ತಾರೀಕಿನ ಪ್ರಕಾರ ನೆಲದ ಮೇಲೆ ಹರಡಿದೆ. ಪ್ಲೇಟ್‌ಲೆಟ್ ಮೊದಲು 2.10 ಲಕ್ಷ, ಆಮೇಲೆ 1.65, ಕೊನೆಗೆ 1.28. ಒಂದೊಂದಾಗಿ ನೋಡಿದಾಗ ಯಾವುದೂ ಕಣ್ಣಿಗೆ ಬಿದ್ದಿರಲಿಲ್ಲ. ಸಾಲಾಗಿ ನೋಡಿದಾಗ ಕೈ ತಣ್ಣಗಾಯ್ತು.

ಎಸ್‌ಜಿಪಿಟಿ ಅಂದ್ರೆ ಲಿವರ್ ಜೀವಕೋಶ ಒಡೆದಾಗ ರಕ್ತಕ್ಕೆ ಸೋರೋದು. ಈಗ ಎಷ್ಟು ಒಡೀತಿವೆ ಅಂತ ಹೇಳುತ್ತೆ. ಇಷ್ಟು ವರ್ಷದಲ್ಲಿ ಎಷ್ಟು ಗಾಯ ಕಟ್ಟಿ ಗಟ್ಟಿಯಾಗಿದೆ ಅನ್ನೋದು ಅದರಲ್ಲಿ ಕಾಣಲ್ಲ. ಲಿವರ್ ಗಟ್ಟಿಯಾದಂತೆ ಒಳಗೆ ರಕ್ತ ಹರಿಯೋದು ಕಷ್ಟ ಆಗಿ, ಹಿಂದೆ ಒತ್ತಡ ಏರಿ, ಗುಲ್ಮ (ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತೆ.

ಇದನ್ನ ಹಿಡಿಯೋಕೆ ಫಿಬ್-4 ಅನ್ನೋ ಲೆಕ್ಕ ಇದೆ. ವಯಸ್ಸನ್ನ ಎಸ್‌ಜಿಒಟಿಯಿಂದ (ಎಸ್‌ಜಿಪಿಟಿ ಜೊತೆಗೇ ಮಾಡೋ ಇನ್ನೊಂದು ರಕ್ತ ಪರೀಕ್ಷೆ) ಗುಣಿಸಿ. ಪ್ಲೇಟ್‌ಲೆಟ್ಟನ್ನ ಸಾವಿರದಲ್ಲಿ ಬರೆದು (1.28 ಲಕ್ಷ ಅಂದ್ರೆ 128) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ. ಅಣ್ಣನಿಗೆ 46 ವರ್ಷ, ಎಸ್‌ಜಿಒಟಿ 52, ಬಂದದ್ದು 3.03. 1.45ಕ್ಕಿಂತ ಕಡಿಮೆ ಇದ್ರೆ ಹೆಚ್ಚು ಗಾಯ ಇರೋ ಸಾಧ್ಯತೆ ಕಡಿಮೆ, 3.25 ದಾಟಿದ್ರೆ ಸಾಧ್ಯತೆ ಜಾಸ್ತಿ, ನಡುವೆ ಬಂದ್ರೆ ಫೈಬ್ರೋಸ್ಕ್ಯಾನ್ (ಸೂಜಿ ಚುಚ್ಚದೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸ್ಕ್ಯಾನ್) ಮಾಡಿಸಿ. ಹಳೆ ರಿಪೋರ್ಟಿಗೂ ಲೆಕ್ಕ ಹಾಕಿದೆ: ಎರಡು ವರ್ಷದ ಹಿಂದೆಯೇ 1.99 ಆಗಿತ್ತು. ಅದು ಇವತ್ತಿಗೂ ನನ್ನನ್ನ ಕೊರೀತದೆ.

ಲೆಕ್ಕ ತಪ್ಪೋದೂ ಉಂಟು. ಡೆಂಗ್ಯೂ ಬಂದಾಗ ಪ್ಲೇಟ್‌ಲೆಟ್ ಇಳಿಯುತ್ತೆ, ಆ ತಿಂಗಳ ರಿಪೋರ್ಟ್ ಬಿಡಿ. ಕೆಲವರ ರಕ್ತದಲ್ಲಿ ಟ್ಯೂಬ್ ಒಳಗೇ ಪ್ಲೇಟ್‌ಲೆಟ್ ಗುಂಪುಗಟ್ಟುತ್ತವೆ, ಮಷಿನ್ ಕಡಿಮೆ ಎಣಿಸುತ್ತೆ, ಸ್ಲೈಡ್ ಮೇಲೆ ಹಚ್ಚಿ ಕಣ್ಣಾರೆ ನೋಡಿ ಅಂತ ಲ್ಯಾಬಿನವರಿಗೆ ಹೇಳಿ. ಕುಡಿಯೋರಿಗೆ ಎಸ್‌ಜಿಒಟಿ ಅದರಿಂದಲೇ ಏರಿರಬಹುದು. 35 ವರ್ಷದೊಳಗಿನವರಿಗೆ ಈ ಲೆಕ್ಕ ಅಷ್ಟು ಸರಿ ಹೊಂದಲ್ಲ.

ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಪರೀಕ್ಷೆ) ಕೂಡ ಮಾಡಿಸಿ. ಈಗಾಗಲೇ ಆದ ಹಾನಿ ಅದರಲ್ಲಿ ಕಾಣಲ್ಲ, ಆದರೆ ಮುಂದೆ ಎಷ್ಟು ಅಪಾಯ ಅನ್ನೋದಕ್ಕೆ ಒಳ್ಳೆ ಸುಳಿವು. ಲಿವರ್ ಕೆಲಸ ತೋರಿಸೋ ಆಲ್ಬುಮಿನ್, ಬಿಲಿರುಬಿನ್ ಕೆಡೋದು ತಡವಾಗಿ, ಅವು ಸರಿ ಇವೆ ಅಂತ ನೆಮ್ಮದಿ ಬೇಡ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಉಚಿತ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮನೆಯವರೆಲ್ಲರದೂ ಒಮ್ಮೆ ಟೆಸ್ಟ್ ಆಗಲಿ, ನೆಗೆಟಿವ್ ಇದ್ದವರಿಗೆ ಲಸಿಕೆ ಹಾಕಿಸಿ.

ಅಣ್ಣನನ್ನ ಬೆಳಗಾವಿಗೆ ಕರ್ಕೊಂಡು ಹೋಗಿ ಫೈಬ್ರೋಸ್ಕ್ಯಾನ್ ಮಾಡಿಸಿದ್ವಿ. ಗಾಯ ಸಾಕಷ್ಟಿತ್ತು, ಸಿರೋಸಿಸ್ (ಲಿವರ್ ತುಂಬ ಗಾಯ ಕಟ್ಟಿ ಗಟ್ಟಿಯಾಗೋ ಕೊನೆ ಹಂತ) ಇನ್ನೂ ಆಗಿಲ್ಲ ಅಂದರು. ಈಗ ದಿನಾ ವೈರಸ್ ಹತ್ತಿಕ್ಕೋ ಟೆನೊಫೊವಿರ್ ಮಾತ್ರೆ ತಗೋತಾನೆ, ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್. ನೀವು ಎಸ್‌ಜಿಪಿಟಿ ಮಾತ್ರ ಬರೆದಿದ್ದೀರಿ. ವಯಸ್ಸು, ಎಸ್‌ಜಿಒಟಿ, ಆರೂ ವರ್ಷದ ಪ್ಲೇಟ್‌ಲೆಟ್ ಬರೆದು ಹಾಕಿ, ಲೆಕ್ಕ ನಾನು ಹಾಕಿಕೊಡ್ತೀನಿ, ಅದನ್ನ ನಿಮ್ಮ ಡಾಕ್ಟರಿಗೆ ತೋರಿಸಿ.